ಹೊಟ್ಟಿನ ಚೀಲಕ್ಕೆ ಹೊಡೆದ ಮಾರ್ಕಾ

ಮಾನ್ವಿಯಿಂದ ಹೊರಟ ಬಸ್ಸು ರಾಯಚೂರು ಮುಟ್ಟುವ ಮೊದಲೇ ಊರಿನ ವಾಸನೆ ಕಿಟಕಿಯೊಳಗೆ ಬಂದುಬಿಡುತ್ತದೆ. ಮಿಲ್ಲುಗಳಲ್ಲಿ ಭತ್ತ ಕುದಿಸುವ ಹಬೆಯ ವಾಸನೆ ಅದು. ಪರಊರಿನವರು ಮೂಗಿಗೆ ಕರ್ಚೀಫು ಹಿಡಿಯುತ್ತಾರೆ. ಇಪ್ಪತ್ತೆರಡು ವರ್ಷ ಆ ಹಬೆಯ ಪಕ್ಕದಲ್ಲೇ ದುಡಿದ ನನಗೆ ಅದು ನಮ್ಮ ಮನೆಯದೇ ವಾಸನೆ. ಹೋದ ವಾರ ಬಹಳ ದಿನಗಳ ಮೇಲೆ ಆ ದಾರಿಯಲ್ಲಿ ಬಂದೆ. ವಾಸನೆ ಬಂದ ಕೂಡಲೇ ಹಿತವೆನಿಸಿತು, ಹಿಂದೆಯೇ ಎದೆಯೊಳಗೆ ಸಂಕಟವೂ ಶುರುವಾಯಿತು. ಏಕೆಂದರೆ ಈ ವಾಸನೆ ಬಂದ ಎರಡು ನಿಮಿಷಕ್ಕೆ ಎಡಗಡೆ ಅವನು ಕಾಣಿಸಿಕೊಳ್ಳುತ್ತಾನೆ.

ಅವನು ಎಂದರೆ ಪ್ರತಿಮೆ. ಮೂರು ಅಂತಸ್ತಿನ ಮನೆಯಷ್ಟು ಎತ್ತರದ ಸಿಮೆಂಟಿನ ಹಮಾಲ. ಹೆಗಲ ಮೇಲೆ ಚೀಲ, ಉಬ್ಬಿಸಿದ ಎದೆ, ಎತ್ತಿದ ಗದ್ದ. ಕೆಳಗೆ ಕಪ್ಪು ಕಲ್ಲಿನ ಮೇಲೆ ಈ ಭಾಗದ ಮಿಲ್ಲು, ಕಾರ್ಖಾನೆಗಳ ಶ್ರಮಿಕರಿಗೆ ಗೌರವ ಎಂದು ಕೆತ್ತಿದ್ದಾರೆ. ಅದರ ಕೆಳಗೆ ಸಮಿತಿಯವರ ಹೆಸರುಗಳಿವೆ. ಶ್ರಮಿಕರ ಹೆಸರು ಹುಡುಕಬೇಡಿ, ಒಂದೂ ಇಲ್ಲ. ಕಂಡಕ್ಟರುಗಳು ಅದನ್ನೊಂದು ಸ್ಟಾಪು ಮಾಡಿಕೊಂಡಿದ್ದಾರೆ, ದೊಡ್ಡ ಹಮಾಲ ಇಳಿಯೋರು ಬರ್ರಿ ಎಂದು ಕೂಗುತ್ತಾರೆ. ಕಾಲೇಜು ಹುಡುಗರು ಅವನ ಕಾಲಿನ ಹತ್ತಿರ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಅವನಿಗೆ ಬಣ್ಣ ಹೊಡೆದವನು ನಾನು. ಬೆನ್ನಿನ ಕಡೆ ಈಗಲೇ ಸಿಪ್ಪೆ ಏಳುತ್ತಿದೆ. ಅದಕ್ಕೆ ನನ್ನನ್ನು ಬೈಯಬೇಡಿ, ಪ್ರೈಮರು ಒಂದೇ ಕೋಟು ಸಾಕು ಎಂದವರನ್ನು ಬೈಯಿರಿ.

ಆ ದಿನ ನಾನು ಹೊರಟಿದ್ದು ಗಬ್ಬೂರಿಗೆ. ರಾಯಚೂರಿನಲ್ಲಿ ಇಳಿದು ದೇವದುರ್ಗದ ಬಸ್ಸು ಹಿಡಿಯಬೇಕು. ಗಬ್ಬೂರಿನಲ್ಲಿ ಮೌಲಾಸಾಬ ಇದ್ದಾನೆ. ಒಂದು ಕಾಲಕ್ಕೆ ನಮ್ಮ ಮಿಲ್ಲಿನ ಹಮಾಲ, ನನ್ನ ದೋಸ್ತ. ಈಗ ಸೊಂಟದ ಕೆಳಗೆ ಜೀವವಿಲ್ಲ. ಅವನ ಹೆಂಡತಿ ಖಾಜಾಬಿ ಪಕ್ಕದ ಮನೆಯವರ ಫೋನಿನಿಂದ ಮಾತಾಡಿ, ಒಮ್ಮೆ ಬಂದು ಹೋಗಿ, ಇವರಿಗೆ ನಿಮ್ಮ ಹತ್ತಿರ ಮಾತಾಡುವುದಿದೆಯಂತೆ ಎಂದಿದ್ದಳು. ಮೂರು ವರ್ಷದಿಂದ ಆ ಮನೆಗೆ ಹೋಗುವ ಮುಖ ನನಗಿರಲಿಲ್ಲ. ಅವರಿಗೆ ನಿಜ ಗೊತ್ತಾಗಿದೆ, ಎದುರಿಗೆ ಕೂರಿಸಿಕೊಂಡು ಕೇಳಲು ಕರೆದಿದ್ದಾರೆ ಎಂದೇ ತಿಳಿದೆ. ಕೇಳಲಿ, ಕೇಳುವ ಮೊದಲೇ ನಾನೇ ಬಾಯಿಬಿಟ್ಟು ಹೇಳಿಬಿಡುತ್ತೇನೆ ಎಂದು ಗಟ್ಟಿ ಮನಸ್ಸು ಮಾಡಿ ಬಸ್ಸು ಹತ್ತಿದ್ದೆ. ಹೇಳಬೇಕಾದದ್ದು ಏನು ಎಂಬುದಕ್ಕೆ ಮೂರು ವರ್ಷದ ಹಿಂದಿನ ಬೇಸಿಗೆಗೆ ಹೋಗಬೇಕು.

ನನ್ನ ಹೆಸರು ಈರಣ್ಣ, ಹುಟ್ಟಿದ್ದು ಮಲ್ಲಟದಲ್ಲಿ. ರಾಯಚೂರಿನ ಮಿಲ್ಲುಗಳಲ್ಲಿ ಮಾತ್ರ ನಾನು ಮಾರ್ಕಾ ಈರಣ್ಣ. ಅಕ್ಕಿ ತುಂಬಿದ ಗೋಣಿಚೀಲದ ಮೇಲೆ ಮಿಲ್ಲಿನ ಗುರುತು, ಅಕ್ಕಿಯ ಜಾತಿ, ತೂಕ ಇಷ್ಟನ್ನು ಮೂಡಿಸುವುದು ನನ್ನ ಕೆಲಸವಾಗಿತ್ತು. ನಾಲ್ಕು ಮಿಲ್ಲುಗಳಿಗೆ ಚೀಲದ ಲೆಕ್ಕದಲ್ಲಿ ಕೂಲಿ, ಯಾರ ಸಂಬಳದ ಆಳೂ ಅಲ್ಲ. ತಗಡಿನಲ್ಲಿ ಅಕ್ಷರ ಕೊರೆದ ಅಚ್ಚನ್ನು ಚೀಲದ ಮೇಲಿಟ್ಟು ಕಪ್ಪು ಬಣ್ಣದ ಕುಂಚದಿಂದ ತಟ್ಟಿದರೆ ಮಾರ್ಕಾ ಬಿತ್ತು. ನೋಡಿದವರು ಇದೇನು ಮಹಾ ಎನ್ನುತ್ತಾರೆ. ಬಣ್ಣ ತೆಳುವಾದರೆ ಗೋಣಿ ಹೀರಿಕೊಳ್ಳುತ್ತದೆ, ದಪ್ಪವಾದರೆ ಅಕ್ಷರ ಒಡೆಯುತ್ತದೆ. ನಾನು ಹೊಡೆದ ಮಾರ್ಕಾ ಮುಂಬಯಿ ಮುಟ್ಟಿದರೂ ಓದಲು ಬರುತ್ತಿತ್ತು, ಇದನ್ನು ಜಂಬವೆಂದರೂ ಸರಿಯೇ. ನಮ್ಮ ಕಸುಬಿಗೆ ಕಟ್ಟಳೆ ಒಂದೇ. ಮೊದಲು ಕಾಟಾದ ಮೇಲೆ ತೂಕ, ಆಮೇಲೆ ಹೊಲಿಗೆ, ಆಮೇಲೆ ಮಾರ್ಕಾ. ತೂಗದ ಚೀಲಕ್ಕೆ ಮಾರ್ಕಾ ಹೊಡೆದ ಎಂಬ ಸುದ್ದಿ ಹಬ್ಬಿದರೆ ಆ ಮನುಷ್ಯ ಮರುದಿನದಿಂದ ಯಾವ ಮಿಲ್ಲಿನ ಗೇಟನ್ನೂ ದಾಟುವಂತಿಲ್ಲ. ಕಳ್ಳನಿಗಾದರೂ ಇನ್ನೊಂದು ಊರಿನಲ್ಲಿ ಕೆಲಸ ಸಿಗುತ್ತದೆ, ಅಂಥವನಿಗೆ ಸಿಗುವುದಿಲ್ಲ.

ಹಮಾಲರದು ಇನ್ನೊಂದು ಪದ್ಧತಿ. ನಮ್ಮ ಮಿಲ್ಲಿನಲ್ಲಿ ಹನ್ನೆರಡು ಜನರ ಟೋಳಿ ಇತ್ತು, ಅವರ ಮುಖ್ಯಸ್ಥ, ಅಂದರೆ ಮುಕದ್ದಮ, ಗಿಲ್ಲೆಸುಗೂರಿನ ತಾಯಪ್ಪ. ಟೋಳಿಯಲ್ಲಿ ಯಾರಿಗಾದರೂ ಪೆಟ್ಟಾದರೆ ಅವನನ್ನು ಮನೆಗೆ ಕಳಿಸುವುದಿಲ್ಲ. ಚೀಲ ಎಣಿಸುವುದು, ಉದುರಿದ ಕಾಳು ಗುಡಿಸುವುದು, ನೀರು ತರುವುದು ಇಂಥ ಹಗುರ ಕೆಲಸ ಕೊಟ್ಟು ಸಮಪಾಲು ಕೊಡುತ್ತಾರೆ. ವಾಸಿಯಾದ ಮೇಲೆ ಅವನು ಮತ್ತೆ ಚೀಲಕ್ಕೆ ಬರುತ್ತಾನೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮುರಿದದ್ದನ್ನು ನಾನು ಕಂಡಿಲ್ಲ. ಟೋಳಿಯ ಈ ಒಳ್ಳೆಯತನವೇ ಕೊನೆಗೆ ಮೌಲಾಸಾಬನನ್ನು ಹಾಳು ಮಾಡಿತು. ಟೋಳಿಯ ಒಳ್ಳೆಯತನ, ಜೊತೆಗೆ ನನ್ನ ಕೈಯ ಚಟ.

ಆ ವರ್ಷ ಶಿವರಾತ್ರಿ ಮುಗಿದ ವಾರ ಗೋದಾಮಿನಲ್ಲಿ ಒಂದರ ಮೇಲೊಂದು ಪೇರಿಸಿದ ಚೀಲದ ನಿಟ್ಟು ಜಾರಿತು. ಕೆಳಗೆ ಮೌಲಾಸಾಬ ಬೆನ್ನು ಕೊಟ್ಟು ನಿಂತಿದ್ದ. ಎರಡು ಚೀಲ ಅವನ ಸೊಂಟದ ಮೇಲೆ ಬಿದ್ದವು. ಎದ್ದು ಕೂತ, ಚಹಾ ಕುಡಿದ, ಏನೂ ಆಗಿಲ್ಲ ಎಂದು ನಕ್ಕ. ವಾರ ಕಳೆದ ಮೇಲೆ ಎಡಗಾಲಿನಲ್ಲಿ ಇರುವೆ ಹರಿದಂತಾಗುತ್ತದೆ ಎಂದ. ಖಾಜಾಬಿ ಅರಿಸಿನದೆಣ್ಣೆ ತಿಕ್ಕಿದಳು, ದರ್ಗಾದ ತಾಯತ ಕಟ್ಟಿಸಿದಳು, ಕೊನೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಅವರು ಎಕ್ಸ್‌ರೇ ಫೋಟೋ ನೋಡಿ, ಬೆನ್ನೆಲುಬಿನ ಮಣಿ ಸರಿದು ನರ ಒತ್ತುತ್ತಿದೆ, ಮಳೆಗಾಲದೊಳಗೆ ಹೈದರಾಬಾದಿನಲ್ಲಿ ಆಪರೇಶನ್ ಆಗಬೇಕು, ತಡವಾದರೆ ಎರಡೂ ಕಾಲು ಹೋಗುತ್ತವೆ ಎಂದರು. ಮಾತು ಅಷ್ಟು ಸ್ಪಷ್ಟವಾಗಿತ್ತು.

ಮಿಲ್ಲಿನ ಮಾಲೀಕರಾದ ನಮ್ಮ ಸಾವ್ಕಾರರು ಕೆಟ್ಟವರೇನಲ್ಲ. ಹಣೆ ತುಂಬ ವಿಭೂತಿ, ಸೋಮವಾರ ಉಪವಾಸ, ಶ್ರಾವಣದಲ್ಲಿ ದಾಸೋಹ. ಹಮಾಲರ ಮದುವೆಗೆ ಅಕ್ಕಿ ಕೊಡುತ್ತಿದ್ದರು. ಮೊದಲ ದಿನ ತಾಯಪ್ಪನಿಗೆ, ಆಪರೇಶನ್ ನಾನೇ ಮಾಡಿಸುತ್ತೇನೆ ಎಂದೇ ಹೇಳಿದ್ದರು. ಆಮೇಲೆ ಬೇರೆ ಮಿಲ್ಲಿನವರು ಬಂದು ಕಿವಿಯಲ್ಲಿ ಏನೋ ಊದಿದರು. ಒಬ್ಬನಿಗೆ ಮಾಡಿಸಿದರೆ ನಾಳೆ ಎಲ್ಲ ಮಿಲ್ಲಿನ ಬೆನ್ನುನೋವಿನವರೂ ಸಾಲಾಗಿ ನಿಲ್ಲುತ್ತಾರೆ ಎಂದರಂತೆ. ಸಾವ್ಕಾರರ ಮಾತು ತಿರುಗಿತು. ಮಿಲ್ಲಿನಲ್ಲೇ ಪೆಟ್ಟಾಯಿತು ಎಂದು ಸರಕಾರಿ ಅಧಿಕಾರಿಯಿಂದ ಕಾಗದ ತನ್ನಿ, ಮಾಡಿಸೋಣ ಎಂದರು. ತಾಯಪ್ಪ ಅರ್ಜಿ ಹಾಕಿಸಿದ. ವಿಚಾರಣೆಗೆ ಎರಡು ತಿಂಗಳ ನಂತರದ ದಿನ ಕೊಟ್ಟರು. ಅಲ್ಲಿಯವರೆಗೆ ಮೌಲಾಸಾಬ ಕಸಬರಿಗೆ ಹಿಡಿದು ಕಾಳು ಗುಡಿಸುತ್ತಿದ್ದ.

ಅದೇ ಹೊತ್ತಿಗೆ ಪ್ರತಿಮೆಯ ಹುಚ್ಚು ಶುರುವಾಯಿತು. ಊರಿನ ದೊಡ್ಡವರು, ಮಿಲ್ಲಿನವರು ಸೇರಿ ಸಮಿತಿ ಮಾಡಿಕೊಂಡಿದ್ದರು. ಭತ್ತದ ಮಿಲ್ಲು, ಹತ್ತಿಯ ಜಿನ್ನಿಂಗು, ವಿದ್ಯುತ್ ಕಾರ್ಖಾನೆ ಎಲ್ಲದಕ್ಕೂ ಒಬ್ಬೊಬ್ಬ ಕೆಲಸಗಾರ ಎಂದು ಮೊದಲು ಮೂರು ಪ್ರತಿಮೆ ಯೋಚಿಸಿದ್ದರಂತೆ. ಕೊನೆಗೆ ಜಾಗ ಒಂದಕ್ಕೇ ಸಾಕಾಗಿ ಹಮಾಲ ಉಳಿದ. ತೆಲಂಗಾಣದ ಕಡೆಯಿಂದ ಒಬ್ಬ ಶಿಲ್ಪಿಯನ್ನು ಕರೆಸಿದರು. ನಾವು ಅವರನ್ನು ಆಚಾರಿ ಎನ್ನುತ್ತಿದ್ದೆವು. ಅರ್ಧ ತೆಲುಗು, ಅರ್ಧ ಕನ್ನಡ, ಸದಾ ಬಾಯಿತುಂಬ ಎಲೆ. ಬಣ್ಣದ ಕೆಲಸಕ್ಕೆ ನನ್ನನ್ನು ಗೊತ್ತು ಮಾಡಿದರು. ಇಷ್ಟು ವರ್ಷ ಚೀಲದ ಮೇಲೆ ಬರೆದವನಿಗೆ ಮನುಷ್ಯನ ಮೇಲೆ ಬರೆಯುವ ಯೋಗ ಬಂತು ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ.

ಆಚಾರಿ ಮಾದರಿಗೆ ನಿಲ್ಲಲು ಒಬ್ಬ ಹಮಾಲ ಬೇಕೆಂದು ಮಿಲ್ಲಿಗೆ ಬಂದರು. ಅವರ ಕಣ್ಣು ಟೋಳಿಯ ಇಬ್ಬರು ಗಟ್ಟಿ ಆಳುಗಳ ಮೇಲಿತ್ತು. ತಾಯಪ್ಪ ಒಪ್ಪಲಿಲ್ಲ. ಸುಮ್ಮನೆ ನಿಲ್ಲುವುದು ಹಗುರ ಕೆಲಸ, ಹಗುರ ಕೆಲಸ ಪೆಟ್ಟಾದವನದು, ಆದ್ದರಿಂದ ಮೌಲಾಸಾಬನೇ ನಿಲ್ಲಬೇಕು ಎಂದ. ಆಚಾರಿ ತಲೆ ಕೆರೆದುಕೊಂಡರು. ಹಾಳೆಯ ಮೇಲೆ ಬೆನ್ನು ನಾನೇ ನೆಟ್ಟಗೆ ಮಾಡಿಕೊಳ್ಳುತ್ತೇನೆ ಬಿಡಿ ಎಂದು ಕೊನೆಗೆ ಒಪ್ಪಿದರು. ಟೋಳಿಗೆಲ್ಲ ಖುಷಿಯೋ ಖುಷಿ. ಪೆಟ್ಟಾದವನಿಗೆ ನೆರಳಿನಲ್ಲಿ ಕೆಲಸ ಸಿಕ್ಕಿತಲ್ಲ ಎಂದು.

ಯುಗಾದಿಯ ಮೇಲಿನ ಬಿಸಿಲು. ರಾಯಚೂರಿನ ಬಿಸಿಲನ್ನು ಗೊತ್ತಿಲ್ಲದವರಿಗೆ ಹೇಳಿ ಉಪಯೋಗವಿಲ್ಲ, ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಮಿಲ್ಲಿನ ಹಿಂದೆ ತಗಡಿನ ಚಪ್ಪರದ ಕೆಳಗೆ ಮೌಲಾಸಾಬ ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ನಿಲ್ಲುತ್ತಿದ್ದ. ರಂಜಾನ್ ಉಪವಾಸ ಬೇರೆ. ಆಚಾರಿ ನೀರು ಕುಡಿ ಎಂದರೆ ಆಕಾಶ ತೋರಿಸಿ ನಗುತ್ತಿದ್ದ. ಹೆಗಲ ಮೇಲೆ ಚೀಲ ಬೇಕಲ್ಲ, ಬಾಯ್ಲರಿನ ಹತ್ತಿರದ ಗುಡ್ಡೆಯಿಂದ ಭತ್ತದ ಹೊಟ್ಟು ತುಂಬಿ ಕೊಟ್ಟಿದ್ದರು. ಎರಡು ಬೆರಳಿನಲ್ಲಿ ಎತ್ತಬಹುದಾದ ಚೀಲ.

ಮೊದಲು ಆಚಾರಿ ಹಮಾಲರು ಹೊರುವಂತೆಯೇ ಬಗ್ಗಿದ ಬೆನ್ನು, ಬೆನ್ನ ಮೇಲೆ ಚೀಲ, ನೆಲ ನೋಡುವ ಕಣ್ಣು ಮಾಡಿದ್ದರು. ಮಣ್ಣಿನಲ್ಲಿ ಮಾಡಿದ ಆ ಸಣ್ಣ ಮಾದರಿಯನ್ನು ಈಗ ನೆನೆದರೂ ಮೈ ಜುಮ್ಮೆನ್ನುತ್ತದೆ. ಸಮಿತಿಯವರಿಗೆ ಅದು ಹಿಡಿಸಲಿಲ್ಲ. ಬಗ್ಗಿದವನನ್ನು ಹೆದ್ದಾರಿಯಲ್ಲಿ ನಿಲ್ಲಿಸಿದರೆ ಊರಿಗೆ ಶೋಭೆಯಲ್ಲ, ತಲೆ ಎತ್ತಿರಬೇಕು ಎಂದರು. ಹಾಗಾಗಿ ಚೀಲ ಹೆಗಲಿಗೆ ಬಂತು, ಎದೆ ಮುಂದೆ ಬಂತು. ತಾಯಪ್ಪ ನೋಡಿ, ಹೀಗೆ ಹೊತ್ತರೆ ಮಧ್ಯಾಹ್ನಕ್ಕೇ ಸೊಂಟ ಬಿಡುತ್ತದೆ ಎಂದು ನಕ್ಕ. ನಕ್ಕಿದ್ದು ಅಷ್ಟೇ, ಯಾರೂ ಅವನನ್ನು ಕೇಳಿರಲಿಲ್ಲ. ಮುಖವೂ ಮೌಲಾಸಾಬನದು ಉಳಿಯಲಿಲ್ಲ. ಗಡ್ಡ ಹೋಗಿ ಮೀಸೆ ಬಂತು, ವಯಸ್ಸು ಇಳಿಯಿತು. ಪಾದಗಳನ್ನು ಮಾತ್ರ ಆಚಾರಿ ಅವನವೇ ಮಾಡಿದರು, ಬಿರಿದ ಹಿಮ್ಮಡಿ, ಅಗಲಿಸಿದ ಹೆಬ್ಬೆರಳು ಸಮೇತ.

ರಂಜಾನ್ ಮುಗಿಯುವ ವಾರ ಪತ್ರಿಕೆಯವರು ಫೋಟೋಕ್ಕೆ ಬರುತ್ತಾರೆಂದು ಸುದ್ದಿ ಬಂತು. ಖಾಜಾಬಿ ಒಗೆದ ಬನಿಯನ್ನು ಹಾಕಿ ಕಳಿಸಿದ್ದಳು. ಮೌಲಾಸಾಬ ಎದೆ ಉಬ್ಬಿಸಿ ನಿಂತ. ನಾನು ನೋಡಿದೆ. ಚೀಲ ಬೋಳು. ಇಪ್ಪತ್ತೆರಡು ವರ್ಷ ಬೋಳು ಚೀಲ ಕಂಡರೆ ಕೈ ತುರಿಸಿದ ಮನುಷ್ಯ ನಾನು. ಪೇಪರಿನಲ್ಲಿ ಬರುವ ಚೀಲ ಬೋಳಾಗಿದ್ದರೆ ನೋಡಿದವರು ಏನೆಂದಾರು, ನಮ್ಮ ಮಿಲ್ಲಿನಲ್ಲಿ ಮಾರ್ಕಾದವನು ಇಲ್ಲವೇ ಎಂದಾರು. ಓಡಿಹೋಗಿ ಅಚ್ಚು ತಂದೆ. ಅವನ ಹೆಗಲ ಮೇಲಿದ್ದಂತೆಯೇ ಚೀಲಕ್ಕೆ ಅಚ್ಚು ಒತ್ತಿ ಹಿಡಿದು ಕುಂಚ ತಟ್ಟಿದೆ. ಮಿಲ್ಲಿನ ಗುರುತು, ಸೋನಾ ಮಸೂರಿ, ನಿವ್ವಳ ತೂಕ 75 ಕೆ.ಜಿ. ಅಕ್ಷರ ಅಷ್ಟು ಚೆಂದ ಬಿದ್ದದ್ದು ನನ್ನ ಜನ್ಮದಲ್ಲೇ ಇಲ್ಲ.

‘ಈಗ ನೋಡು ಭಾರ ಆತು,’ ಎಂದ ಮೌಲಾಸಾಬ. ನಾವೆಲ್ಲ ನಕ್ಕೆವು.

ಈದ್ ಮರುದಿನ ಫೋಟೋ ಬಂತು. ಎಪ್ಪತ್ತೈದು ಕೆ.ಜಿ. ಚೀಲ ಹೊತ್ತು ಪ್ರತಿಮೆಗೆ ಮಾದರಿಯಾದ ಹಮಾಲ ಮೌಲಾಸಾಬ ಎಂದು ಕೆಳಗೆ ಬರೆದಿದ್ದರು. ಪತ್ರಿಕೆಯವನು ಚೀಲ ಓದಿ ಬರೆದಿದ್ದ, ಅವನ ತಪ್ಪೇನು. ಟೋಳಿಯವರು ಅದನ್ನು ಪ್ಲಾಸ್ಟಿಕ್ ಹಾಕಿಸಿ ಚಹಾದಂಗಡಿಯಲ್ಲಿ ತೂಗುಹಾಕಿದರು. ಅಷ್ಟಕ್ಕೇ ಬಿಟ್ಟರೆ ಆಗುತ್ತಿತ್ತೇನೋ. ಇನ್ನೊಂದು ಪ್ರತಿಯನ್ನು ಶೀರಖುರ್ಮಾದ ಡಬ್ಬಿಯ ಜೊತೆ ಸಾವ್ಕಾರರ ಮನೆಗೆ ಕಳಿಸಿದರು. ನಮ್ಮ ಮಿಲ್ಲಿನ ಹೆಸರು ಪೇಪರಿನಲ್ಲಿ ಬಂದಿದೆ, ನೋಡಿ ಸಂತೋಷಪಡಲಿ ಎಂದು. ಕೊಟ್ಟು ಬಂದವನು ಸ್ವತಃ ಮೌಲಾಸಾಬ. ಆ ಹೊತ್ತಿಗೆ ಎಡಗಾಲು ಸ್ವಲ್ಪ ಎಳೆಯುತ್ತಿತ್ತು, ನಿಂತು ನಿಂತು ನಡೆದು ಹೋಗಿದ್ದನಂತೆ.

ವಿಚಾರಣೆ ಮೇ ತಿಂಗಳ ಕೊನೆಯಲ್ಲಿ ಬಂತು. ಕಚೇರಿ ಎರಡನೇ ಮಹಡಿಯಲ್ಲಿ. ಮೌಲಾಸಾಬ ನಾಲ್ಕು ಮೆಟ್ಟಿಲು ಹತ್ತಿ ಕೂತುಬಿಟ್ಟ. ಎತ್ತಿಕೊಂಡು ಹೋಗುತ್ತೇವೆ ಎಂದರೆ ಬೇಡವೆಂದ, ಜನರ ಮುಂದೆ ಹೆಣದ ಹಾಗೆ ಹೋಗಲಾರೆ ಎಂದ. ಅವನ ಹೇಳಿಕೆಯನ್ನು ಗುಮಾಸ್ತ ಕೆಳಗೇ ಬಂದು ಬರೆದುಕೊಂಡ. ಖಾಜಾಬಿ ಅವನ ಪಕ್ಕ ಮೆಟ್ಟಿಲ ಮೇಲೆ ಉಳಿದಳು. ತಾಯಪ್ಪ, ಟೋಳಿಯ ಇಬ್ಬರು, ನಾನು ಮೇಲೆ ಹೋದೆವು.

ಟೋಳಿಯವರು ಕಂಡದ್ದನ್ನು ಹೇಳಿದರು. ಮಿಲ್ಲಿನ ಪರವಾಗಿ ಬಂದ ವಕೀಲ ಜೋರು ಮಾಡಲಿಲ್ಲ, ಒಂದೇ ಪಾಲು ತಿನ್ನುವವರು ಒಬ್ಬರಿಗೊಬ್ಬರು ಹೇಳಿಯೇ ಹೇಳುತ್ತಾರೆ ಎಂದು ಬಿಟ್ಟ. ಆಮೇಲೆ ಪೇಪರಿನ ತುಣುಕು ತೆಗೆದು ಅಧಿಕಾರಿಯ ಮುಂದಿಟ್ಟ. ನಿಟ್ಟು ಬಿದ್ದು ಬೆನ್ನು ಮುರಿಯಿತು ಎನ್ನುವ ಮನುಷ್ಯ ಅದಾಗಿ ತಿಂಗಳ ಮೇಲೆ ಎಪ್ಪತ್ತೈದು ಕೆ.ಜಿ. ಹೊತ್ತು ಎದೆಯುಬ್ಬಿಸಿ ನಿಂತಿದ್ದಾನೆ, ನೋಡಿ ಎಂದ. ಅದು ಹೊಟ್ಟು ಎಂದು ತಾಯಪ್ಪ ಕೂತಲ್ಲಿಂದಲೇ ಕೂಗಿದ. ಆಚಾರಿಯನ್ನು ಕರೆಸಿ ಕೇಳೋಣವೆಂದರೆ ಅವರು ಊರಿಗೆ ಹೋಗಿ ಫೋನು ಎತ್ತುತ್ತಿರಲಿಲ್ಲ. ಆಗ ಅಧಿಕಾರಿ ಚೀಲಕ್ಕೆ ಮಾರ್ಕಾ ಹಾಕಿದವರು ಯಾರು ಎಂದು ಕೇಳಿದರು. ಟೋಳಿಯವನೂ ಅಲ್ಲದ, ಸಾವ್ಕಾರರವನೂ ಅಲ್ಲದ ಮನುಷ್ಯ ಅಲ್ಲಿ ನಾನೊಬ್ಬನೇ. ಎಲ್ಲ ನನ್ನ ಮಾತಿನ ಮೇಲೆ ನಿಂತಿತು. ಅದು ನನಗೂ ಗೊತ್ತಿತ್ತು.

ವಕೀಲ ಸಾವಕಾಶವಾಗಿ ಕೇಳಿದ. ‘ಈ ಮಾರ್ಕಾ ನಿಮ್ಮದೇನ್ರಿ?’

‘ಹೌದ್ರಿ.’

‘ತೂಗಲಾರದ ಚೀಲಕ್ಕ ನೀವು ಎಂದಾದ್ರೂ ಮಾರ್ಕಾ ಹೊಡದೀರೇನು?’

ನಾನು ತಿರುಗಿ ನೋಡಬಾರದಿತ್ತು, ನೋಡಿದೆ. ಹಿಂದಿನ ಬೆಂಚಿನಲ್ಲಿ ನಮ್ಮ ಸಾವ್ಕಾರರ ಪಕ್ಕ ಇನ್ನೂ ಮೂವರು ಮಿಲ್ಲಿನವರು ಕೂತಿದ್ದರು. ನಾಲ್ವರೂ ನನ್ನ ಅನ್ನ. ಹೌದು, ಒಮ್ಮೆ ಹೊಡೆದಿದ್ದೇನೆ, ಅದೇ ಈ ಚೀಲ, ಅದರಲ್ಲಿ ಹೊಟ್ಟಿತ್ತು. ಇಷ್ಟೇ ಮಾತು. ಬಾಯಿಯೊಳಗೆ ಬಂದಿತ್ತು. ಆದರೆ ಆ ಮಾತಿನ ಮೊದಲ ಅರ್ಧ ಕೇಳಿದ ಕೂಡಲೇ ನಾಲ್ಕು ಗೇಟು ಮುಚ್ಚುತ್ತವೆ ಎಂದೂ ಅನಿಸಿತು. ಅದಕ್ಕಿಂತ ನಾಚಿಕೆಗೇಡಿನ ಮಾತು ಇನ್ನೊಂದಿದೆ, ಅದನ್ನೂ ಹೇಳಿಬಿಡುತ್ತೇನೆ. ಹೆದರಿಕೆಯಷ್ಟೇ ಆಗಿರಲಿಲ್ಲ. ನನ್ನ ಕಸುಬಿನ ಮೇಲೆ ನಾಲ್ಕು ಜನರ ಎದುರಿಗೆ ನಾನೇ ಕಪ್ಪು ಬಳಿದುಕೊಳ್ಳಲೇ ಎಂಬ ಸೊಕ್ಕು ಕೂಡ ಇತ್ತು.

‘ಇಲ್ಲರಿ,’ ಎಂದೆ.

ಅಧಿಕಾರಿ ಬರೆದುಕೊಂಡರು. ಆದರ ಸಾಹೇಬ್ರ, ಎಂದು ಶುರುಮಾಡಿದೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ ಎಂದರು. ಅವರು ತಡೆದದ್ದು ಒಳ್ಳೆಯದೇ ಆಯಿತು ಎನ್ನುವಂತೆ ನಾನು ಸುಮ್ಮನಾದೆ. ತಡೆದರೂ ಹೇಳಬಹುದಿತ್ತು. ಮನುಷ್ಯನಿಗೆ ಬಾಯಿ ಇರುವುದೇಕೆ.

ಮೆಟ್ಟಿಲು ಇಳಿಯುವಾಗ ತಾಯಪ್ಪ ಮುಂದಿದ್ದ, ನಾನು ಹಿಂದೆ. ಅವನ ಬೆನ್ನನ್ನು ನೋಡುತ್ತ ಇಳಿದೆ. ಕೆಳಗೆ ಹೋದ ಕೂಡಲೇ ಎಲ್ಲರೆದುರು ಹೇಳುತ್ತಾನೆ, ಹೇಳಲಿ ಎಂದು ಕಾದೆ. ಮೌಲಾಸಾಬ ಮುಖ ಎತ್ತಿ, ಏನಾಯಿತು ಎಂದು ಕೇಳಿದ. ತಾಯಪ್ಪ ಅವನ ಪಕ್ಕ ಕೂತ.

‘ಈರಣ್ಣ ಖರೇನ ಹೇಳಿದ. ಹೊಟ್ಟಿನ ಚೀಲ ಅಂತ ಎದಿ ತಟ್ಟಿ ಹೇಳಿದ. ಅವರು ಕೇಳಲಿಲ್ಲ.’

ಮೌಲಾಸಾಬ ನನ್ನ ಕೈ ಹಿಡಿದುಕೊಂಡ, ಅಂಗೈ ಬಿಸಿಯಾಗಿತ್ತು. ಖಾಜಾಬಿ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಅತ್ತದ್ದು ಕೇಸು ಹೋಯಿತೆಂದು, ನನ್ನ ಮಾತಿಗಲ್ಲ. ನಾನು ಅಲ್ಲೇ ಬಾಯಿಬಿಟ್ಟಿದ್ದರೆ ಎಲ್ಲರೂ ಸೇರಿ ಮತ್ತೆ ಮೇಲೆ ಹೋಗಬಹುದಿತ್ತೇನೋ. ತಾಯಪ್ಪನ ಸುಳ್ಳಿನ ಕೆಳಗೆ ನಿಂತುಕೊಂಡೆ. ಬಿಸಿಲಲ್ಲಿ ಯಾರದೋ ಗೋಡೆಯ ನೆರಳಿಗೆ ಸರಿದು ನಿಂತ ಹಾಗೆ.

ಆಟೋ ಹೋದ ಮೇಲೆ ತಾಯಪ್ಪ ನನ್ನನ್ನು ಪಕ್ಕಕ್ಕೆ ಕರೆದ. ಅವನ ಧ್ವನಿಯಲ್ಲಿ ಸಿಟ್ಟೂ ಇರಲಿಲ್ಲ.

‘ಅಂವಗ ಹ್ಯಾಂಗೂ ಕಾಲು ಹೋಗ್ತಾವ. ದೋಸ್ತನೂ ಹೋಗೂದು ಬ್ಯಾಡ ಅಂತ ಹಂಗ ಹೇಳಿದೆ. ನೀ ಮಾತ್ರ ಇನ್ನ ನನ್ನ ಮುಂದ ಬರಬ್ಯಾಡ.’

ಅದೇ ಅವನು ನನ್ನೊಡನೆ ಆಡಿದ ಕೊನೆಯ ಮಾತು. ಅದೇ ಮಿಲ್ಲಿನಲ್ಲಿ ಮುಂದೆ ಆರು ತಿಂಗಳು ಇದ್ದೆವು. ಅವನು ಚೀಲ ತಂದು ಇಡುತ್ತಿದ್ದ, ನಾನು ಮಾರ್ಕಾ ಹೊಡೆಯುತ್ತಿದ್ದೆ. ನನ್ನನ್ನು ಗೋದಾಮಿನ ಕಂಬದಂತೆ ದಾಟಿ ಹೋಗುತ್ತಿದ್ದ.

ಪೆಟ್ಟು ಮಿಲ್ಲಿನಲ್ಲಾಯಿತು ಎಂಬುದು ಸಾಬೀತಾಗಿಲ್ಲ ಎಂದು ಕಾಗದ ಬಂತು. ಮೇಲಿನವರಲ್ಲಿಗೆ ಕಲಬುರಗಿಗೆ ಹೋಗಬಹುದಿತ್ತು, ಹೋಗುವ ಶಕ್ತಿ ಯಾರಿಗಿತ್ತು. ಟೋಳಿಯವರು ಮನೆಮನೆಗೆ ಹೋಗಿ ಚಂದಾ ಪಟ್ಟಿ ಎತ್ತಿದರು, ಹೈದರಾಬಾದು ಅಷ್ಟಕ್ಕೆ ಎಟುಕುವ ಊರಲ್ಲ. ಮೊದಲ ಮಳೆಗೆ ಮೌಲಾಸಾಬನ ಎಡಗಾಲು ಪೂರ್ತಿ ಹೋಯಿತು. ಗಣಪತಿ ಹಬ್ಬದ ಹೊತ್ತಿಗೆ ಬಲಗಾಲೂ ಹೋಯಿತು. ಖಾಜಾಬಿ ರಾಯಚೂರಿನ ಮನೆ ಬಿಟ್ಟು ಅವನನ್ನು ತನ್ನ ತವರು ಗಬ್ಬೂರಿಗೆ ಕರೆದುಕೊಂಡು ಹೋದಳು. ಟೋಳಿಯವರು ಅವನನ್ನು ಎತ್ತಿ ಟೆಂಪೋದಲ್ಲಿ ಕೂರಿಸಿದಾಗ ನಾನು ಮಿಲ್ಲಿನ ಪಾಯಖಾನೆಯಲ್ಲಿ ಬಾಗಿಲು ಹಾಕಿಕೊಂಡು ನಿಂತಿದ್ದೆ.

ಆ ಮಳೆಗಾಲ ಪೂರ್ತಿ ಪ್ರತಿಮೆ ಏರುತ್ತ ಹೋಯಿತು. ಕೇಸು ಮುಗಿದ ಮೇಲೆ ಆಚಾರಿ ತಿರುಗಿ ಬಂದಿದ್ದರು. ಕಬ್ಬಿಣದ ಸರಳಿನ ಅಸ್ಥಿಪಂಜರಕ್ಕೆ ಸಿಮೆಂಟು ಮೆತ್ತಿ ಮನುಷ್ಯನನ್ನು ಮಾಡಿದರು. ದಸರಾ ಮುಗಿದ ಮೇಲೆ ನಾನು ಬಣ್ಣಕ್ಕೆ ಏರಿದೆ. ಮುಖ, ಎದೆ, ಚೀಲ ಎಲ್ಲ ವಾರದಲ್ಲಿ ಮುಗಿಯಿತು. ಪಾದಕ್ಕೆ ಮೂರು ದಿನ ಹಿಡಿಯಿತು. ಹೆಬ್ಬೆರಳೊಂದೇ ನನ್ನ ಪಾದಕ್ಕಿಂತ ಉದ್ದವಿತ್ತು. ಒಂದೊಂದು ಬಿರುಕಿಗೂ ಸಣ್ಣ ಕುಂಚ ಹಾಕಿ ಬಣ್ಣ ತುಂಬಿದೆ. ಕೆಳಗಿನಿಂದ ಸಮಿತಿಯವರು, ಪಾದ ಯಾರು ನೋಡುತ್ತಾರೆ, ಬೇಗ ಮುಗಿಸು ಎಂದರು. ಉದ್ಘಾಟನೆಯ ದಿನ ಮಿಲ್ಲುಗಳಿಗೆ ಅರ್ಧ ದಿನ ರಜೆ ಕೊಟ್ಟು ಹಮಾಲರನ್ನು ಕುರ್ಚಿ ತುಂಬಿಸಲು ಕರೆತಂದರು. ನಮ್ಮ ಟೋಳಿ ಬರಲಿಲ್ಲ. ಭಾಷಣದಲ್ಲಿ ಎಲ್ಲರೂ ಬೆವರಿನ ಬೆಲೆಯ ಬಗ್ಗೆ ಮಾತಾಡಿದರು. ನನಗೂ ಒಂದು ಶಾಲು ಹೊದಿಸಿದರು.

ಇನ್ನು ನಾನು ಉಳಿಸಿಕೊಂಡ 'ಅನ್ನ'ದ ಕಥೆ. ಆ ಬೇಸಿಗೆ ಕಳೆದು ವರ್ಷ ತುಂಬುವುದರೊಳಗೆ ಗೋಣಿಚೀಲ ಹೋಗಿ ಪ್ಲಾಸ್ಟಿಕ್ ಚೀಲ ಬಂತು. ಗುರುತು, ಜಾತಿ, ತೂಕ ಎಲ್ಲ ಮೊದಲೇ ಬಣ್ಣಬಣ್ಣದಲ್ಲಿ ಅಚ್ಚಾಗಿ ಕಟ್ಟುಕಟ್ಟಾಗಿ ಲಾರಿಯಲ್ಲಿ ಇಳಿಯಿತು. ತೂಗುವ ಮೊದಲೇ ಮಾರ್ಕಾ. ಯಾವ ಕಟ್ಟಳೆಗಾಗಿ ನಾನು ದೋಸ್ತನ ಕಾಲು ಕೊಟ್ಟೆನೋ ಅದನ್ನು ಒಂದು ಲಾರಿ ಬಂದು ಮುಗಿಸಿತು, ಯಾರಿಗೂ ಬೇಸರವಾಗಲಿಲ್ಲ. ನಾಲ್ಕು ಮಿಲ್ಲಿನವರೂ ನಗುನಗುತ್ತಲೇ, ಕೆಲಸವಿದ್ದರೆ ಹೇಳಿ ಕಳಿಸುತ್ತೇವೆ ಈರಣ್ಣ ಎಂದರು. ನಾನು ಮಾನ್ವಿಗೆ ಬಂದೆ. ಟ್ರ್ಯಾಕ್ಟರ್ ಟ್ರಾಲಿಗಳ ಹಿಂದೆ ಹೆಸರು ಬರೆಯುತ್ತೇನೆ. ಅದೂ ಈಗ ಸ್ಟಿಕರಿಗೆ ಹೋಗುತ್ತಿದೆ.

ಹೋದ ವಾರ ಗಬ್ಬೂರಿನಲ್ಲಿ ಇಳಿದಾಗ ಹೊತ್ತು ಏರಿತ್ತು. ಮನೆ ಕೇಳಿಕೊಂಡು ಹೋದೆ. ಖಾಜಾಬಿ ಹೊರಗಿನ ಕಟ್ಟೆಯ ಮೇಲೆ ಕೂತು ಯಾರದೋ ಕೌದಿ ಹೊಲಿಯುತ್ತಿದ್ದಳು. ಅದೇ ಈಗ ಅವಳ ಜೀವನ. ನನ್ನನ್ನು ಕಂಡು ಎದ್ದು ನಿಂತಳು, ನೀರು ತಂದುಕೊಟ್ಟಳು. ಉಗಿಯುವವರು ನೀರು ಕೊಡುವುದಿಲ್ಲ. ನನಗೆ ಗಾಬರಿ ಹೆಚ್ಚಾಯಿತು. ಒಳಗೆ ಹೊರಸಿನ ಮೇಲೆ ಮೌಲಾಸಾಬ ಮಲಗಿದ್ದ. ಹೆಗಲು ಇಳಿದಿದ್ದವು, ಬೆನ್ನಿಗೆ ಹುಣ್ಣಾಗಿ ವಾಸನೆ ಬರುತ್ತಿತ್ತು. ಹೆಚ್ಚು ದಿನವಿಲ್ಲ ಎಂದು ನೋಡಿದರೆ ತಿಳಿಯುತ್ತಿತ್ತು. ಪಕ್ಕದ ಮನೆಯ ಮುದುಕನೊಬ್ಬ ಬೀಸಣಿಗೆ ಹಿಡಿದು ಕೂತಿದ್ದ. ಮೌಲಾಸಾಬ ಅವನಿಗೆ ನನ್ನನ್ನು ತೋರಿಸಿದ. ಆಫೀಸಿನಲ್ಲಿ ಟೋಳಿಯವರನ್ನು ಬಿಟ್ಟರೆ ತನ್ನ ಸಲುವಾಗಿ ನಿಂತು ಮಾತಾಡಿದವನು ಇವನೊಬ್ಬನೇ ಎಂದ.

ಹೊರಸಿನ ಅಂಚಿಗೆ ಕೂತೆ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತಿನ ಮೊದಲ ಶಬ್ದ ತೆಗೆದೆ, ಮೌಲಾ ಎಂದೆ. ಅಷ್ಟರಲ್ಲಿ ಖಾಜಾಬಿ ಬಾಗಿಲಲ್ಲಿ ನಿಂತು ಮಾತಾಡಿದಳು.

‘ನಮಗೆಲ್ಲಾ ಗೊತ್ತಾಗ್ಯಾದ್ರಿ ಅಣ್ಣಾ. ಖರೇ ಹೇಳಿದ್ದಕ್ಕ ಮಿಲ್ಲಿನವರು ಒಬ್ಬರೂ ನಿಮಗ ಕೆಲಸ ಕೊಡ್ಲಿಲ್ಲಂತ. ಊರು ಬಿಟ್ಟು ಹೋದ್ರಂತ. ನಮ್ಮ ಸಲುವಾಗಿ ನಿಮ್ಮ ಅನ್ನ ಹೋತು.’

ಕೆಲಸ ಹೋದದ್ದು ನಿಜ, ಊರು ಬಿಟ್ಟದ್ದು ನಿಜ. ಅವೆರಡನ್ನೂ ತಾಯಪ್ಪನ ಸುಳ್ಳಿಗೆ ಪೋಣಿಸಿ ಈ ಮನೆಯಲ್ಲಿ ಮೂರು ವರ್ಷದಿಂದ ನನ್ನನ್ನು ದೇವರಂಥ ಮನುಷ್ಯನನ್ನಾಗಿ ಮಾಡಿಟ್ಟಿದ್ದರು. ಮೌಲಾಸಾಬ ನನ್ನ ಕೈಗಾಗಿ ತಡಕಾಡಿದ. ಕೊಟ್ಟೆ. ಅವರ ಜನರಲ್ಲಿ, ಸಾಯುವ ಮುಂಚೆ ಯಾರಿಗೆ ತನ್ನಿಂದ ನೋವಾಗಿದೆಯೋ ಅವರನ್ನು ಕರೆಸಿ ಮಾಫಿ ಕೇಳುವ ಪದ್ಧತಿ ಇದೆ. ಕೇಳಿಸಿಕೊಂಡವರು ಬಾಯಿಬಿಟ್ಟು, ಕೇಳಿಸುವಂತೆ, ಮಾಫ್ ಮಾಡಿದ್ದೇನೆ ಎನ್ನಬೇಕು. ಮನಸ್ಸಿನಲ್ಲಿ ಅಂದುಕೊಂಡರೆ ನಡೆಯುವುದಿಲ್ಲ. ಅದಕ್ಕೇ ಕರೆಸಿದ್ದ.

‘ನನ್ನಿಂದ ನಿನ್ನ ಕಸಬು ಹೋತು, ಈರಣ್ಣಾ,’ ಎಂದ. ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ‘ಆ ಭಾರ ತಗೊಂಡು ಹೋಗಾಕ ನನಗ ಆಗಂಗಿಲ್ಲ. ಮಾಫ್ ಮಾಡು.’

ಈಗ ಹೇಳು, ಈಗ ಹೇಳು ಎಂದು ಒಳಗೆ ಯಾರೋ ಗುದ್ದುತ್ತಿದ್ದರು. ನಿಜ ಹೇಳಿದರೆ ನನ್ನ ಭಾರ ಇಳಿಯುತ್ತಿತ್ತು. ಅವನಿಗೆ ಕಾಲಿನ ಜೊತೆ ದೋಸ್ತನೂ ಹೋಗುತ್ತಿದ್ದ, ಈ ಸ್ಥಿತಿಯಲ್ಲಿ. ಇದು ಕರುಣೆಯೋ, ಆ ದಿನ ಕಚೇರಿಯಲ್ಲಿ ಬಾಯಿ ಕಟ್ಟಿದ ಅದೇ ಹೇಡಿತನವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮುದುಕ ಬೀಸಣಿಗೆ ನಿಲ್ಲಿಸಿ ನನ್ನ ಬಾಯಿ ನೋಡುತ್ತಿದ್ದ. ಮೌಲಾಸಾಬ ಕೈ ಬಿಡಲಿಲ್ಲ.

‘ಮಾಫ್ ಮಾಡೀನಿ,’ ಎಂದೆ.

ಅವನಿಗೆ ಕೇಳಿಸಲಿಲ್ಲ. ಇನ್ನೊಮ್ಮೆ, ಜೋರಾಗಿ ಹೇಳಿದೆ. ಖಾಜಾಬಿ ಕಣ್ಣೊರಸಿಕೊಂಡು ನನಗೆ ರೊಟ್ಟಿ ಬಡಿಯಲು ಒಳಗೆ ಹೋದಳು.